ಹುಲ್ಲು ಹೊಲಕ್ಕೋ, ಹಸುವಿಗೋ?

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನ. ಗೋಡೆಗೆ ಬಿಳಿ ಪಂಚೆ ಬಿಗಿದು ಕಟ್ಟಿದ್ದಾರೆ. ಎದುರಿಗೆ ಪ್ರೊಜೆಕ್ಟರ್, ಪಕ್ಕದಲ್ಲಿ ಗಣೇಶನ ಹಬ್ಬಕ್ಕೆ ತರುವ ಸೌಂಡ್ ಬಾಕ್ಸ್. ಡೇರಿಗೆ ಹಾಲು ಹಾಕಿ ಬಂದವರು ಒಬ್ಬೊಬ್ಬರಾಗಿ ಚಾಪೆ ಮೇಲೆ ಕೂರುತ್ತಿದ್ದಾರೆ. ಊರಿನ ಮಹಿಳಾ ಸಂಘದವರು ಮತ್ತು ಯುವಕ ಸಂಘದವರು ಸೇರಿ ಒಂದು ಸಿನಿಮಾ ತೋರಿಸುತ್ತಿದ್ದಾರೆ. ಅದು ಮುಗಿದ ಮೇಲೆ ಮಾತುಕತೆ. ವಿಷಯ ರಿಜನರೇಟಿವ್ ಫಾರ್ಮಿಂಗ್. ಬೆಳೆ ತೆಗೆಯುತ್ತಲೇ ಮಣ್ಣಿನ ಕಸುವನ್ನೂ ವಾಪಸ್ ಕಟ್ಟುವ ಬೇಸಾಯ.

ಸಿನಿಮಾ 2020ರಲ್ಲಿ ಬಂದ ಅಮೆರಿಕದ ಸಾಕ್ಷ್ಯಚಿತ್ರ, ‘ಕಿಸ್ ದ ಗ್ರೌಂಡ್’. ಮಾತೆಲ್ಲ ಇಂಗ್ಲಿಷ್. ಊರಿನ ಇಬ್ಬರು ಹುಡುಗರು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದರು. ಹಾಗೆ ಮಾಡಿದ್ದೇ ಒಳ್ಳೆಯದಾಯಿತು. ನಿಲ್ಲಿಸಿದಾಗಲೆಲ್ಲ ಜನ ತಮ್ಮ ಹೊಲದ ಮಾತು ತೆಗೆದರು.

ಎಲ್ಲರ ಮನಸ್ಸಿಗೂ ನಾಟಿದ್ದು ಗೇಬ್ ಬ್ರೌನ್ ಎಂಬ ರೈತರ ಕಥೆ. ಉತ್ತರ ಡಕೋಟಾ ರಾಜ್ಯದ ಬಿಸ್ಮಾರ್ಕ್ ಊರಿನ ಹತ್ತಿರ ಅವರ ಜಮೀನು. 1995ರಿಂದ ಸತತವಾಗಿ ನಾಲ್ಕು ವರ್ಷ ಆಲಿಕಲ್ಲು, ಬರ ಅಂತ ಬೆಳೆ ಕೈಗೆ ಹತ್ತಲಿಲ್ಲ. ಗೊಬ್ಬರ, ಔಷಧಿಗೆ ದುಡ್ಡಿಲ್ಲ. ನೆಲ ಉಳುವುದನ್ನು ಮೊದಲೇ ಬಿಟ್ಟಿದ್ದರು. ಈಗ ಬಗೆಬಗೆಯ ಬೀಜ ಬೆರೆಸಿ ಬಿತ್ತಿದರು, ಅದರ ಮೇಲೆ ದನ ಮೇಯಿಸಿದರು. ಮೊದಲು ಗಂಟೆಗೆ ಅರ್ಧ ಇಂಚು ಮಳೆ ಮಾತ್ರ ಇಂಗುತ್ತಿದ್ದ ನೆಲದಲ್ಲಿ ಆಮೇಲೆ ಎಂಟು ಇಂಚು ಇಂಗುತ್ತಿತ್ತು ಎನ್ನುವುದು ಅವರೇ ಕೊಡುವ ಲೆಕ್ಕ.

ಎಂಟು ಇಂಚು ಅಂದಾಗ ಇಡೀ ಭವನ ಗುಸುಗುಟ್ಟಿತು. ಈ ಕಡೆ ವರ್ಷಕ್ಕೆ ಬೀಳುವುದೇ 600-700 ಮಿಲಿಮೀಟರ್ ಮಳೆ. ಅದರಲ್ಲೂ ಅರ್ಧ ಗಂಟೆಯಲ್ಲಿ ರಪರಪ ಹೊಡೆದು, ಕೆಂಪಗೆ ಹರಿದು ಕೆರೆ ಕಡೆ ಹೋಗುವ ಮಳೆಯೇ ಜಾಸ್ತಿ.

ಮಾತುಕತೆಗೆ ಬಂದವರು ಇಬ್ಬರು. ಒಬ್ಬರು ನಿವೃತ್ತ ಮಣ್ಣು ವಿಜ್ಞಾನಿ. ಪಾಠ ಮಾಡುತ್ತಿದ್ದವರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರೇ ಅನ್ನುತ್ತಾರೆ. ಇನ್ನೊಬ್ಬರು ಪಕ್ಕದ ಊರಿನ ಸಾವಯವ ರೈತ ಮಹಿಳೆ. ಅವರು ಎಲ್ಲರಿಗೂ ಅಕ್ಕ.

ಮೇಷ್ಟ್ರು ಭಾಷಣ ಮಾಡಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ಇಂಚು, ಅಂದರೆ 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್. “ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು ತರಿಸಿ ನಿಮ್ಮ ಬದುವಿನಾಚೆ ಸುರಿದು ಬರ್ತೀರಾ?” ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಈಗ ಮೇಜಿನ ಮೇಲೆ ನೋಡಿ, ಎರಡು ಗಾಜಿನ ಜಾಡಿ. ಎರಡರಲ್ಲೂ ನೀರು, ಬಾಯಿಗೆ ಇಳಿಬಿಟ್ಟ ತಂತಿ ಬಲೆ. ಎಡಗಡೆಯದಕ್ಕೆ ವರ್ಷವೂ ರೋಟವೇಟರ್, ಅಂದರೆ ಮಣ್ಣನ್ನು ಪುಡಿ ಮಾಡುವ ಟ್ರ್ಯಾಕ್ಟರ್ ಸಲಕರಣೆ, ಹೊಡೆಯುವ ರಾಗಿ ಹೊಲದ ಹೆಂಟೆ. ಬಲಗಡೆಯದಕ್ಕೆ ಅದೇ ಹೊಲದ ಬದುವಿನ ಮೇಲಿನ ಹೊಂಗೆ ಮರದ ಬುಡದಿಂದ ತಂದದ್ದು. ಎರಡೂ ಒಣಗಿದ ಹೆಂಟೆ, ಹೆಚ್ಚುಕಮ್ಮಿ ಒಂದೇ ಗಾತ್ರ. ಒಟ್ಟಿಗೆ ನೀರಿಗಿಟ್ಟರು. ಎಡಗಡೆಯದು ಗುಳ್ಳೆ ಬಿಡುತ್ತಾ, ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ಬಿತ್ತು. ನೀರೆಲ್ಲ ಕೆಂಪು. ಬಲಗಡೆಯದು ಹಾಗೇ ಕೂತಿದೆ, ನೀರು ತಿಳಿಯಾಗಿದೆ. ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ. ಆ ಹೆಂಟೆಯ ತುಂಬ ಸಣ್ಣ ಸಣ್ಣ ತೂತು, ಕೂದಲಿನಷ್ಟು ತೆಳುವಾದ ಬೇರು, ಅಲ್ಲಲ್ಲಿ ಬಿಳಿ ಎಳೆ ಕಾಣುತ್ತದೆ.

ಮಣ್ಣು ಒಂದೇ, ಮಳೆಯೂ ಒಂದೇ, ಮತ್ತೆ ಯಾಕೆ ಹೀಗೆ? ಬೇರು ಸೋರಿಸುವ ಅಂಟು, ಶಿಲೀಂಧ್ರದ ಎಳೆ, ಎರೆಹುಳುವಿನ ಹಿಕ್ಕೆ, ಇವೆಲ್ಲ ಸೇರಿ ಮಣ್ಣಿನ ಕಣಗಳನ್ನು ಹಿಡಿದಿಡುತ್ತವೆ. ಮೇಲಿಂದ ಮೇಲೆ ಪುಡಿ ಮಾಡಿ ಬಿಸಿಲಿಗೆ ಬಿಟ್ಟರೆ ಆ ಹಿಡಿತ ಹೋಗುತ್ತದೆ. ಆಮೇಲೆ ಮೊದಲ ಮಳೆಗೇ ಪುಡಿ ಕರಗಿ, ಮೇಲೆ ಹಪ್ಪಳ ಕಟ್ಟಿ, ನೀರು ಒಳಗಿಳಿಯಲು ದಾರಿಯೇ ಇರುವುದಿಲ್ಲ. ಸಿನಿಮಾದಲ್ಲಿ ಬರುವ ರೇ ಆರ್ಚುಲೆಟಾ ಎಂಬ ವಿಜ್ಞಾನಿ ಇಂಥದ್ದೇ ಪ್ರಯೋಗ ತೋರಿಸುತ್ತಾ ಅಮೆರಿಕದ ಉದ್ದಕ್ಕೂ ಓಡಾಡಿದವರು. ಆದರೆ ತಮ್ಮೂರಿನ ಹೆಂಟೆ ಹೀಗೆ ಕರಗಿದ್ದನ್ನು ನೋಡಿದಾಗ ಜನ ಎದ್ದು ಬಂದು ಜಾಡಿ ಸುತ್ತ ನಿಂತರು.

ನೆಲವನ್ನು ಬರಿದಾಗಿ ಬಿಡದೆ ಹುಲ್ಲು, ಸೊಪ್ಪು ಹಾಸಿ ಮುಚ್ಚಬೇಕು, ಅದೇ ಮುಚ್ಚಿಗೆ, ಅಂತ ಮೇಷ್ಟ್ರು ಹೇಳುವವರೆಗೂ ಎಲ್ಲರೂ ತಲೆಯಾಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದ ಪ್ರಶ್ನೆಯಿಂದ ಮಾತಿನ ದಾರಿಯೇ ಬದಲಾಯಿತು. “ನೆಲ ಮುಚ್ಚಬೇಕು, ಹುಲ್ಲು ಹಾಸಬೇಕು ಅಂತೀರಲ್ಲ ಸ್ವಾಮಿ. ರಾಗಿ ಹುಲ್ಲು ಹೊಲಕ್ಕೆ ಹಾಸಿದ್ರೆ ನನ್ನ ಹಸ ಏನು ತಿನ್ನಬೇಕು?”

ಇಡೀ ಸಂಜೆಯಲ್ಲಿ ಇದೇ ದೊಡ್ಡ ಪ್ರಶ್ನೆ ಅಂತ ನನಗನ್ನಿಸಿತು. ಈ ವಿಡಿಯೋ ಮಾಡಿದ್ದೇ ಇದಕ್ಕಾಗಿ. ಸಿನಿಮಾದ ರೈತನಿಗೆ ಸಾವಿರಾರು ಎಕರೆ ಇದೆ, ಕಟಾವಾದ ಮೇಲೆ ಕಡ್ಡಿ ಕಸ ಹೊಲದಲ್ಲೇ ಬಿಡಬಹುದು. ಇಲ್ಲಿ ಎರಡು ಎಕರೆ ರಾಗಿ ಬೆಳೆಯುವವರಿಗೆ ಹುಲ್ಲಿನ ಬಣವೆ ಅಂದರೆ ಮುಂದಿನ ಮಳೆಗಾಲದ ತನಕ ಹಾಲಿನ ದುಡ್ಡು. ಮಕ್ಕಳ ಫೀಸು, ದಿನಸಿ ಎಲ್ಲ ಅದರಲ್ಲೇ ನಡೆಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ‘ಮುಚ್ಚಿಗೆ ಹಾಕಿ’ ಅಂತ ಸುಮ್ನೆ ಹೇಳಿ ಹೋದರೆ ರೈತರಿಗೆ ಏನೂ ಪ್ರಯೋಜನವಿಲ್ಲ.

ಮೇಷ್ಟ್ರು ಒಪ್ಪಿಕೊಂಡರು. “ರಾಗಿ ಹುಲ್ಲು ಹಸುವಿಗೇ ಇರಲಿ, ಅಜ್ಜಿ. ನೆಲಕ್ಕೆ ಹಸು ತಿನ್ನದ್ದನ್ನ ಹಾಕೋಣ” ಅಂದರು. ಹೊಂಗೆ ಸೊಪ್ಪನ್ನು ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗ್ಲಿರಿಸಿಡಿಯಾ ಸೊಪ್ಪಿನ ವಾಸನೆಗೂ ಹೆಚ್ಚಿನ ದನ ಹತ್ತಿರ ಬರುವುದಿಲ್ಲ, ಆದರೆ ಅದರಲ್ಲಿ ಸಾರಜನಕ ಚೆನ್ನಾಗಿದೆ. ಬದುವಿನ ಮೇಲೆ ಕಡ್ಡಿ ನೆಟ್ಟರೆ ಬರುತ್ತದೆ, ಕಡಿದಷ್ಟೂ ಚಿಗುರುತ್ತದೆ. ಈ ಕಡೆ ತೆಂಗಿನ ತೋಟ ಜಾಸ್ತಿ. ಗರಿ, ಸಿಪ್ಪೆ ಎಲ್ಲವನ್ನೂ ಸುಡುತ್ತಿದ್ದಾರೆ. ಸುಡುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆಯಿತು ಅಂದರು ಅಕ್ಕ.

ಅಕ್ಕ ಇನ್ನೊಂದು ದಾರಿಯನ್ನೂ ಹೇಳಿದರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅಂತಾರಲ್ವಾ? ಏಪ್ರಿಲ್ ಕೊನೆ, ಮೇ ಮೊದಲ ವಾರದ ಆ ಮಳೆಗೆ ಇಲ್ಲಿ ಹಿಂದೆ ಎಳ್ಳು, ಹೆಸರು, ಅಲಸಂದೆ ಹಾಕುತ್ತಿದ್ದರು. ಈಗ ಬಹಳಷ್ಟು ಹೊಲ ಜುಲೈವರೆಗೆ ಖಾಲಿ ಬಿದ್ದಿರುತ್ತದೆ. ಆ ಹದಕ್ಕೆ ಸೆಣಬು, ಅಲಸಂದೆ, ಹುರುಳಿ ಬೆರೆಸಿ ಎರಚಿ, ಸೆಣಬು ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿದರೆ ರಾಗಿ ಬಿತ್ತನೆಗೂ ಹೊತ್ತು ಸಿಗುತ್ತದೆ. ಹುಲ್ಲಿನ ತಂಟೆಗೇ ಹೋಗಬೇಕಾಗಿಲ್ಲ. ತಮ್ಮ ತೋಟದಿಂದ ಒಂದು ಅಲಸಂದೆ ಗಿಡವನ್ನು ಬೇರು ಸಮೇತ ಕಿತ್ತು ತಂದಿದ್ದರು. ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ತಿಳಿ ಕೆಂಪು. ಆ ಬಣ್ಣ ಇದ್ದರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಒಳಗೆ ಬೂದು ಅಥವಾ ಹಸಿರು ಇದ್ದರೆ ಕೆಲಸ ನಡೆಯುತ್ತಿಲ್ಲ.

ಉಳುಮೆ ಪೂರ್ತಿ ಬಿಡಬೇಕಾ ಅಂತ ಒಬ್ಬ ಹುಡುಗ ಕೇಳಿದ. ಸಿನಿಮಾ ನೋಡಿದವರು ಯಾರಾದರೂ ಕೇಳುವಂಥದ್ದೇ. ಮೇಷ್ಟ್ರ ಉತ್ತರ ನೇರವಾಗಿತ್ತು. ನಮ್ಮ ಕೆಂಪು ಮಣ್ಣು ಒಣಗಿದರೆ ಕಲ್ಲಾಗುತ್ತದೆ. ಮೇಲೆ ಏನೂ ಮುಚ್ಚದೆ ಬರೀ ಉಳುಮೆ ನಿಲ್ಲಿಸಿದರೆ ನೀರು ಇಂಗುವ ಬದಲು ಇನ್ನೂ ಜಾಸ್ತಿ ಹರಿದುಹೋಗಬಹುದು. ಅಮೆರಿಕದಲ್ಲಿ ಉಳುಮೆ ಬಿಟ್ಟ ಎಷ್ಟೋ ರೈತರು ಕಳೆನಾಶಕ ಹೊಡೆದೇ ಬೇಸಾಯ ಮಾಡುತ್ತಾರೆ, ಅದನ್ನೂ ತಿಳಿದಿರಬೇಕು. ಅದಕ್ಕೆ ಅವರ ಸಲಹೆ ಇಷ್ಟು: ಮೊದಲು ಮುಚ್ಚಿಗೆ, ಆಮೇಲೆ ಉಳುಮೆ ಕಮ್ಮಿ. ರೋಟವೇಟರ್ ಬದಲು ಕುಂಟೆ ಸಾಕಾಗುವ ಕಡೆ ಕುಂಟೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ.

ಗಾಳಿಯ ಇಂಗಾಲವನ್ನು ಮಣ್ಣಿಗೆ ಸೇರಿಸಿ ಹವಾಮಾನವನ್ನೇ ಸರಿಪಡಿಸಬಹುದು ಅನ್ನುವ ವಿಷಯದಲ್ಲಿ ಸಿನಿಮಾ ಸ್ವಲ್ಪ ಜಾಸ್ತಿಯೇ ಭರವಸೆ ಕೊಡುತ್ತದೆ ಅಂತ ನನ್ನ ಅನಿಸಿಕೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಸರ್ಕಾರ ಮಣ್ಣು ಪರೀಕ್ಷೆ ಮಾಡಿ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇಕಡಾ 0.1 ಅಂಶ ಏರಬೇಕಾದರೆ 900 ಕೆಜಿ ಇಂಗಾಲ ಅಲ್ಲಿ ಉಳಿಯಬೇಕು. ನಾವು ಹಾಕುವ ಸೊಪ್ಪು, ಗೊಬ್ಬರದ ಹೆಚ್ಚಿನ ಪಾಲು ನಮ್ಮ ಬಿಸಿಲಿಗೆ ಕೊಳೆತು ಗಾಳಿಗೆ ಹೋಗುತ್ತದೆ. ಕೆಲವು ವರ್ಷ ಏರಿದ ಮೇಲೆ ಒಂದು ಮಟ್ಟಕ್ಕೆ ನಿಂತೂ ಬಿಡುತ್ತದೆ. ಕಾರ್ಡಿನಲ್ಲಿ ಶೇಕಡಾ 0.5ಕ್ಕಿಂತ ಕಮ್ಮಿ ಇರುವವರು ಆ ಅಂಕಿಯನ್ನು ಮೇಲೆತ್ತಲು ದುಡಿಯುವುದು ತಮ್ಮ ಹೊಲದ ನೀರಿಗಾಗಿ, ಬೆಳೆಗಾಗಿ. ಅಷ್ಟೇ ಸಾಕಷ್ಟು ದೊಡ್ಡ ಕಾರಣ.

ಅಕ್ಕಡಿ ಸಾಲಿನ ಮಾತು ಬಂದಾಗ ಭವನಕ್ಕೆ ಜೀವ ಬಂತು. ರಾಗಿಯ ನಡುವೆ ಸಾಲುಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಜೋಳ, ಹರಳು. ವಯಸ್ಸಾದವರು ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತಾ ಹೋದರು. ರಾಗಿ ಕೊಯ್ದ ಮೇಲೂ ತೊಗರಿ, ಅವರೆ ಹೊಲದಲ್ಲಿ ಹಸಿರಾಗಿ ನಿಂತಿರುತ್ತವೆ. ನೆಲದೊಳಗೆ ಬೇರು ಇರುತ್ತದೆ, ಮೇಲೆ ಎಲೆ ಉದುರುತ್ತದೆ. ಕಟಾವಿನ ಯಂತ್ರ ಬಂದ ಮೇಲೆ ಈ ಸಾಲುಗಳು ಅಡ್ಡ ಬರುತ್ತವೆ ಅಂತ ಬಿಟ್ಟವರೇ ಹೆಚ್ಚು. ಹಾಗಾದರೆ ಯಂತ್ರದ ಅಗಲ ನೋಡಿ ಸಾಲು ಬಿಡೋಣ ಅಂತ ಒಬ್ಬ ಟ್ರ್ಯಾಕ್ಟರ್ ಚಾಲಕ ಹೇಳಿದ. ನನಗೆ ಅದು ಬಹಳ ಇಷ್ಟವಾಯಿತು. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಊರೂರು ತಿರುಗಿ ಮಣ್ಣಿನ ವಿಷಯ ಹೇಳಿದರು. ಅವರ ಮಾತು ಕೇಳಿದ್ದವರು ಇಲ್ಲೂ ಇದ್ದರು.

ರಾಸಾಯನಿಕ ಗೊಬ್ಬರ ಒಂದೇ ಸಲ ನಿಲ್ಲಿಸಬೇಡಿ ಅಂತ ಮೇಷ್ಟ್ರು ಎಚ್ಚರಿಸಿದರು. ಶ್ರೀಲಂಕಾ ಸರ್ಕಾರ 2021ರಲ್ಲಿ ಅದರ ಆಮದನ್ನೇ ದಿಢೀರ್ ನಿಷೇಧಿಸಿತ್ತು. ಭತ್ತದ ಇಳುವರಿ ಬಿತ್ತು, ಅದೇ ವರ್ಷ ನವೆಂಬರ್ ಹೊತ್ತಿಗೆ ಹಿಂದೆ ಸರಿಯಬೇಕಾಯಿತು. ಪೆಟ್ಟು ತಿಂದವರು ಸಣ್ಣ ರೈತರು. ಇನ್ನು ಬೇರೆಯವರ ಹೊಲವನ್ನು ವಾರಕ್ಕೆ (ಬೆಳೆಯಲ್ಲಿ ಪಾಲು ಕೊಟ್ಟು), ಗುತ್ತಿಗೆಗೆ ಮಾಡುವವರ ಪಾಡು ಬೇರೆ. ಮುಂದಿನ ವರ್ಷ ಹೊಲ ಯಾರ ಕೈಲಿರುತ್ತದೋ ಗೊತ್ತಿಲ್ಲದವರು ಯಾವ ಧೈರ್ಯದ ಮೇಲೆ ಮಣ್ಣು ಕಟ್ಟಬೇಕು? ಇದಕ್ಕೆ ಆ ಸಂಜೆ ಉತ್ತರ ಸಿಗಲಿಲ್ಲ. ಸರ್ಕಾರದ ಯೋಜನೆಗಳು ಮೊದಲು ನೋಡಬೇಕಾದ್ದು ಇದನ್ನೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕೊನೆಗೆ ಸಂಘದವರು ಒಂದು ತೀರ್ಮಾನಕ್ಕೆ ಬಂದರು. ಆಸಕ್ತಿ ಇರುವವರು ತಲಾ ಎರಡು ಗುಂಟೆ ಬಿಟ್ಟುಕೊಡುತ್ತಾರೆ. ಭರಣಿ ಹದಕ್ಕೆ ಮಿಶ್ರ ಬೀಜ, ಆಮೇಲೆ ಅಕ್ಕಡಿ ಹಾಕಿದ ರಾಗಿ, ಬದುವಿನ ಸೊಪ್ಪು ಸಾಲಿಗೆ. ಪಕ್ಕದ ಹೊಲ ಎಂದಿನಂತೆ. ಬಿತ್ತುವ ಮುಂಚೆ ಒಂದು ಸಲ, ರಾಗಿ ಕೊಯ್ದ ಮೇಲೆ ಒಂದು ಸಲ ನೀರು ಇಂಗುವ ವೇಗ ಅಳೆಯುತ್ತಾರೆ. ಅಜ್ಜಿಯೂ ಹೆಸರು ಬರೆಸಿದರು, ರಾಗಿ ಹುಲ್ಲು ಮಾತ್ರ ಕೊಡೋದಿಲ್ಲ ಅಂತ ಹೇಳಿಯೇ.

ಅಳೆಯುವುದು ಸುಲಭ, ನೀವೂ ಮಾಡಬಹುದು. ಆರು ಇಂಚು ಅಗಲದ ತಗಡಿನ ಡಬ್ಬಿ ಅಥವಾ ಪೈಪಿನ ತುಂಡು ತೆಗೆದುಕೊಳ್ಳಿ. ಡಬ್ಬಿಯಾದರೆ ತಳ ಕತ್ತರಿಸಿ. ಮೂರು ಇಂಚು ನೆಲಕ್ಕೆ ಇಳಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 444 ಮಿಲಿಲೀಟರ್ ನೀರು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಬಿಡಿ. ಅದು ಹೆಚ್ಚುಕಮ್ಮಿ ಒಂದು ಇಂಚು ಮಳೆ. ಪೂರ್ತಿ ಇಂಗಲು ಎಷ್ಟು ಹೊತ್ತಾಯಿತು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಒಣ ನೆಲ ಮೊದಲ ಸಲ ಬೇಗ ಎಳೆದುಕೊಳ್ಳುತ್ತದೆ, ಅದಕ್ಕೆ ಅದೇ ಜಾಗದಲ್ಲಿ ಎರಡನೇ ಸಲ ಹಾಕಿದ ನೀರಿನ ಹೊತ್ತನ್ನೇ ಬರೆದಿಡಿ. ಉತ್ತ ಹೊಲದಲ್ಲಿ ಒಂದು ಕಡೆ, ಬದುವಿನ ಮರದ ಕೆಳಗೆ ಒಂದು ಕಡೆ ಮಾಡಿ. ಯಾವ ಊರು, ಯಾವ ಮಣ್ಣು, ಹೋದ ವರ್ಷ ಏನು ಬೆಳೆದಿದ್ದಿರಿ ಅನ್ನುವುದನ್ನೂ ಸೇರಿಸಿ ನನಗೆ ಕಳಿಸಿ. ರಾಗಿ ಕೊಯ್ಲಾದ ಮೇಲೆ ಈ ಊರಿನ ಲೆಕ್ಕದ ಜೊತೆ ನಿಮ್ಮದನ್ನೂ ಮೇಷ್ಟ್ರ ಮುಂದೆ ಇಡುತ್ತೇನೆ.