ಕಾಗದದಲ್ಲಿ ಬೆಳೆದ ತೋಟ

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಉದ್ಯಾನ ತಜ್ಞೆ ಅಂದರು. ಧಾರವಾಡದಲ್ಲಿ ಹಾಗೆ ಅನ್ನಿಸಿಕೊಳ್ಳೋಕೆ ಸ್ವಲ್ಪ ಧೈರ್ಯ ಬೇಕು. ಇಲ್ಲಿ ಪ್ರತಿ ಕಾಂಪೌಂಡಿನೊಳಗೂ ಒಬ್ಬ ತಜ್ಞರಿದ್ದಾರೆ. ಮುಂಜಾನೆ ಪಾರಿಜಾತ ಆರಿಸುತ್ತಲೇ ಪಕ್ಕದ ಮನೆಯ ಮಲ್ಲಿಗೆ ಯಾಕೆ ಸೊರಗಿದೆ ಅಂತ ಹೇಳಿಬಿಡುತ್ತಾರೆ. ನನ್ನ ಕೆಲಸದ ಹೆಸರು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಅವ್ವ ಮಾತ್ರ ಇವತ್ತಿಗೂ ಬಂದವರಿಗೆಲ್ಲ "ಆಕಿ ಗಿಡ ಹಚ್ತಾಳ್ರೀ" ಅಂತಲೇ ಹೇಳುತ್ತಾಳೆ.

ಅವ್ವನ ಮಾತಿಗೆ ಬೇಜಾರು ಮಾಡಿಕೊಳ್ಳೋದನ್ನು ನಾನು ಬಿಟ್ಟದ್ದು ಬಿಯಾಟ್ರಿಕ್ಸ್ ಫ್ಯಾರಂಡ್ ಬಗ್ಗೆ ಓದಿದ ಮೇಲೆ. ಅಮೆರಿಕದ ಈ ಹೆಣ್ಣುಮಗಳು ಹುಟ್ಟಿದ್ದು 1872ರಲ್ಲಿ. 1899ರಲ್ಲಿ ಅಲ್ಲಿಯ ಭೂದೃಶ್ಯ ವಿನ್ಯಾಸಕಾರರು ತಮ್ಮದೊಂದು ಸಂಘ ಕಟ್ಟಿಕೊಂಡಾಗ ಸ್ಥಾಪಕ ಸದಸ್ಯರು 11 ಜನ. ಅವರಲ್ಲಿ ಹೆಂಗಸು ಇವರೊಬ್ಬರೇ. ಆದರೂ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳೋದು ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಗಾರ್ಡನರ್ ಅನ್ನೋ ಮಾತೇ ಸಾಕು ಅನ್ನುತ್ತಿದ್ದರು. ಗಿಡ ಹಚ್ಚೋಳು, ಅಷ್ಟೇ.

ಇವತ್ತು ಅವರ ಒಂದು ತೋಟದ ಬಗ್ಗೆ, ಅದಕ್ಕಿಂತ ಜಾಸ್ತಿ ಆ ತೋಟದ ಸಲುವಾಗಿ ಓಡಾಡಿದ ಕಾಗದಗಳ ಬಗ್ಗೆ ಮಾತಾಡುತ್ತೇನೆ. ನಡುನಡುವೆ ಗದಗ ಕಡೆಯ ಒಂದು ಹಳೇ ವಾಡೆಯೂ ಬರುತ್ತದೆ. ಅಲ್ಲಿ ನಾನೇ ಮಾಡಿಕೊಂಡ ಎಡವಟ್ಟು ಇಲ್ಲದಿದ್ದರೆ ಈ ಕಾಗದಗಳ ಹಿಂದೆ ನಾನು ಬೀಳುತ್ತಲೇ ಇರಲಿಲ್ಲ.

ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ಅನ್ನೋ ಹಳೇ ಭಾಗದಲ್ಲಿ ಡಂಬಾರ್ಟನ್ ಓಕ್ಸ್ ಅಂತ ಒಂದು ಎಸ್ಟೇಟ್ ಇದೆ. ಮನೆ ಕಟ್ಟಿದ್ದು 1801ರಲ್ಲಿ. 1920ರಲ್ಲಿ ರಾಬರ್ಟ್ ಬ್ಲಿಸ್, ಮಿಲ್ಡ್ರೆಡ್ ಬ್ಲಿಸ್ ಅನ್ನೋ ದಂಪತಿ ಅದನ್ನು ಕೊಂಡರು. ಜಾಗ ಒಟ್ಟು ಸುಮಾರು 53 ಎಕರೆ. ಮನೆ ದಿಬ್ಬದ ಮೇಲೆ, ಹಿಂದೆ ನೆಲ ಇಳಿಯುತ್ತಾ ಇಳಿಯುತ್ತಾ ಒಂದು ಹಳ್ಳಕ್ಕೆ ಹೋಗಿ ಸೇರುತ್ತದೆ. ಅವರು ಕೊಂಡಾಗ ಅಲ್ಲಿದ್ದದ್ದು ಕೊಟ್ಟಿಗೆ, ದನ ತುಳಿದ ದಾರಿ, ಹಳೇ ಓಕ್ ಮರಗಳು. ನಮ್ಮ ದೇಸಗತಿ ವಾಡೆಗಳ ಹಿತ್ತಲು ನೋಡಿದವರಿಗೆ ಈ ಚಿತ್ರ ಹೊಸದೇನಲ್ಲ.

1922ರ ಜೂನ್ ಕೊನೆಗೆ ಫ್ಯಾರಂಡ್ ಆ ಜಾಗ ನೋಡಿಕೊಂಡು ಬಂದು ಮಿಲ್ಡ್ರೆಡ್ ಅವರಿಗೆ ಒಂದು ಕಾಗದ ಬರೆದರು. ಆಗಷ್ಟೇ ಅವರಿಗೆ ಐವತ್ತು ತುಂಬಿತ್ತು. ಮುಂದೆ ತೋಟ ಬೆಳೆದ ಕ್ರಮ ಸರಳವಾದದ್ದು. ಮನೆಯ ಹತ್ತಿರ ಕಟ್ಟುನಿಟ್ಟು. ಕೆಳಗಿಳಿದಂತೆ ಸಡಿಲ. ಮನೆಗೆ ತಾಗಿ ಕಲ್ಲಿನ ಕಟ್ಟೆ, ಮೆಟ್ಟಿಲು, ಗೆರೆ ಎಳೆದಂಥ ಬೇಲಿ. ಆಮೇಲೆ ಗುಲಾಬಿ ತೋಟ, ಕಾರಂಜಿಯ ಕಟ್ಟೆ. ಅದಕ್ಕೂ ಕೆಳಗೆ ಹಣ್ಣಿನ ಮರ, ಹೂವಿನ ಪೊದೆಗಳ ಇಳಿಜಾರು. ಕೊನೆಗೆ ಹಳ್ಳದ ದಂಡೆಯಲ್ಲಿ ಮನುಷ್ಯರು ಕೈಯೇ ಹಚ್ಚಿಲ್ಲವೇನೋ ಅನ್ನೋ ಹಾಗೆ ಕಾಡು. ಹಚ್ಚಿದ್ದರು, ಭರ್ತಿ ಹಚ್ಚಿದ್ದರು. ಕಾಣಿಸದ ಹಾಗೆ ಹಚ್ಚಿದ್ದರು.

ಈ ಬುದ್ಧಿ ಅವರಿಗೆ ಬಂದದ್ದು ಗುರುಗಳಿಂದ. ಬಾಸ್ಟನ್ನಿನ ಆರ್ನಾಲ್ಡ್ ಸಸ್ಯೋದ್ಯಾನದ ಚಾರ್ಲ್ಸ್ ಸಾರ್ಜೆಂಟ್ ಅವರ ಹತ್ತಿರ ಫ್ಯಾರಂಡ್ ಖಾಸಗಿಯಾಗಿ ಕಲಿತರು. ಕಾಲೇಜಿನಲ್ಲಿ ಈ ವಿಷಯ ಕಲಿಸುವ ಕಾಲ ಇನ್ನೂ ಬಂದಿರಲಿಲ್ಲ. ಗುರುಗಳ ಪಾಠ ಇಷ್ಟು: ನೆಲಕ್ಕೆ ತಕ್ಕಂತೆ ನಕ್ಷೆ ಮಾಡು, ನಕ್ಷೆಗೋಸ್ಕರ ನೆಲವನ್ನು ತಿರುಚಬೇಡ. ನಮ್ಮ ಎರಿ ಮಣ್ಣಿನಲ್ಲಿ ಕೆಲಸ ಮಾಡಿದವರಿಗೆ ಈ ಪಾಠವನ್ನು ಬೇರೆಯವರು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಅದರ ಮೇಲೆ ಸುಮ್ನೆ ಫರಸಿ ಹಾಸಿದರೆ ಎರಡನೇ ವರ್ಷಕ್ಕೆ ಹಲ್ಲು ಕಿಸಿಯುತ್ತದೆ. ಧಾರವಾಡದ ಮಸಾರಿಯಲ್ಲಿ ನಡೆದದ್ದು ಗದಗಿನ ಎರಿಯಲ್ಲಿ ನಡೆಯೋದಿಲ್ಲ. ನಡುವೆ ಇರೋದು ಎರಡು ತಾಸಿನ ದಾರಿ ಅಷ್ಟೇ.

ಈಗ ಕಾಗದಗಳ ವಿಷಯ. ರಾಬರ್ಟ್ ಬ್ಲಿಸ್ ರಾಯಭಾರಿ. ತೋಟದ ಕೆಲಸ ಶುರುವಾಗುತ್ತಿದ್ದಂತೆ, 1923ರಲ್ಲಿ, ಅವರನ್ನು ಸ್ವೀಡನ್ನಿಗೆ ಕಳಿಸಿದರು. 1927ರಲ್ಲಿ ಅಲ್ಲಿಂದ ಅರ್ಜೆಂಟೀನಾಕ್ಕೆ. ಗಂಡ ಹೆಂಡತಿ ಮನೆಗೆ ಬಂದು ನೆಲೆ ನಿಂತದ್ದು 1933ರಲ್ಲಿ. ಅಂದರೆ ತೋಟ ಹುಟ್ಟಿ ಬೆಳೆದ ಹತ್ತು ವರ್ಷ ಮಾಲೀಕರು ಸಮುದ್ರದಾಚೆ. ಇತ್ತ ಫ್ಯಾರಂಡ್ ಅವರ ಗಂಡ ಇತಿಹಾಸಕಾರ. ಅವರಿಗೂ 1927ರಲ್ಲೇ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಹೀಗಾಗಿ ವಿನ್ಯಾಸ ಮಾಡುವವರೂ ದೇಶದ ಇನ್ನೊಂದು ತುದಿಗೆ ಹೋದರು. ಆಮೇಲೆ ರೈಲಿನಲ್ಲಿ ಓಡಾಟ. ತೋಟ ಒಂದು ಕಡೆ, ಮಾಡುವವರು ಒಂದು ಕಡೆ, ಮಾಡಿಸುವವರು ಮತ್ತೊಂದು ಕಡೆ.

ಹಾಗಾಗಿ ಎಲ್ಲವನ್ನೂ ಬರೆಯಬೇಕಾಯಿತು. ಒಂದು ಬೆಂಚು ಎಲ್ಲಿ ಕೂಡಬೇಕು, ಒಂದು ಗೋಡೆ ಎಷ್ಟು ಎತ್ತರ ಇರಬೇಕು, ಯಾವ ಮರ ತೆಗೆಯಬೇಕು, ಎಲ್ಲ. ಬರೀ ಬರೆದರೆ ಸಾಲದು ಅಂತ ಫ್ಯಾರಂಡ್ ಇನ್ನೊಂದು ಉಪಾಯ ಮಾಡುತ್ತಿದ್ದರು. ಕಲ್ಲಿನ ಹೂದಾನಿಯೋ, ಗೇಟಿನ ಕಂಬದ ತುದಿಯೋ ಆಗಬೇಕಿದ್ದರೆ ಮೊದಲು ಅದರ ಪೂರ್ತಿ ಅಳತೆಯ ಮಾದರಿ ಮಾಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಫೋಟೋ ತೆಗೆಸಿ ಹಡಗಿಗೆ ಹಾಕುತ್ತಿದ್ದರು. ಉತ್ತರ ಬರೋದಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಾದರಿ ಬಿಸಿಲು ಮಳೆ ತಿಂದುಕೊಂಡು ಅಲ್ಲೇ ನಿಂತಿರುತ್ತದೆ. ನೋಡಿ ನೋಡಿ ಕಣ್ಣಿಗೆ ಸರಿಯೋ ತಪ್ಪೋ ತಾನೇ ಗೊತ್ತಾಗುತ್ತದೆ. ಆ ತಡವೂ ತೋಟಕ್ಕೆ ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ.

ಈ ಉಪಾಯವನ್ನು ನಾನು ನಾಚಿಕೆ ಇಲ್ಲದೆ ಕದ್ದಿದ್ದೇನೆ. ನಾನು ಹೇಳಿದ ವಾಡೆಯ ಯಜಮಾನಿ ಪುಣೆಯಲ್ಲಿದ್ದಾರೆ. ಅವರನ್ನು ನಾನು ಅಕ್ಕಾರು ಅಂತಲೇ ಕರೆಯೋದು. ಮುಂದಿನ ಗೋಡೆ ಏಳು ಅಡಿ ಬೇಕೇ ಬೇಕು ಅಂತ ಅವರು ಹಟ ಹಿಡಿದಿದ್ದರು. ನಾನು ಬಿದಿರು ನೆಟ್ಟು, ಗೋಣಿಚೀಲ ಹೊಲಿಸಿ, ಒಂದು ಕಡೆ ನಾಲ್ಕು ಅಡಿ, ಒಂದು ಕಡೆ ಐದು, ಒಂದು ಕಡೆ ಏಳು ಕಟ್ಟಿಸಿದೆ. ದಾರಿಯಲ್ಲಿ ಹೋಗುವವರೊಬ್ಬರು ಸೈಕಲ್ ನಿಲ್ಲಿಸಿ, "ಏನ್ರೀ ಬಾಯಾರ, ನಾಟಕದ ಪರದೆ ಕಟ್ಟಾಕತ್ತೀರೇನು?" ಅಂತ ಕೇಳಿದರು. ಗದಗ ಸೀಮೆ ನೋಡಿ, ಅಲ್ಲಿ ಮೊದಲು ನಾಟಕವೇ ನೆನಪಾಗುತ್ತದೆ. ಫೋಟೋ ಪುಣೆಗೆ ಹೋಯಿತು. ಏಳು ಅಡಿಯದು ಜೈಲಿನ ಹಾಗಿದೆ ಅಂತ ಅಕ್ಕಾರೇ ಅಂದರು. ನಾಲ್ಕೂವರೆಗೆ ಒಪ್ಪಂದವಾಯಿತು.

ಕಾಗದಗಳಿಂದ ಕಲಿತ ಇನ್ನೊಂದು ಮಾತು ಋತುವಿನದು. ಚಳಿಗಾಲದಲ್ಲೂ ತೋಟ ನೋಡುವ ಹಾಗಿರಬೇಕು ಅನ್ನೋದು ಮಿಲ್ಡ್ರೆಡ್ ಅವರ ಆಸೆ. ವಾಷಿಂಗ್ಟನ್ ಚಳಿಯಲ್ಲಿ ಹೂವಿಲ್ಲ, ಎಲೆಯೂ ಇಲ್ಲ. ಅದಕ್ಕೇ ಫ್ಯಾರಂಡ್ ತೋಟದ ಎಲುಬನ್ನು ವರ್ಷವಿಡೀ ಹಸಿರಿರುವ ಗಿಡಗಳಲ್ಲಿ ಕಟ್ಟಿದರು. ಬಾಕ್ಸ್‌ವುಡ್, ಹಾಲಿ, ಯೂ. ಜೊತೆಗೆ ಕಲ್ಲು ಇಟ್ಟಿಗೆಯ ಗೆರೆಗಳು. ಹೂವು ಆಮೇಲಿನ ಒಡವೆ. ನಮ್ಮಲ್ಲಿ ಆ ಬರಗೆಟ್ಟ ತಿಂಗಳು ಜನವರಿಯದಲ್ಲ, ಏಪ್ರಿಲ್‌ನದು. ಅಕ್ಕಾರಿಗೆ ಹುಲ್ಲುಹಾಸು ಬೇಕಿತ್ತು. ಬೋರಿನ ನೀರು ಸವಳು. ಬೇಸಿಗೆಯಲ್ಲಿ ತೋಟ ಹೇಗೆ ಕಾಣಬೇಕು ಅನ್ನೋದನ್ನು ಮೊದಲು ನೋಡೋಣ ಅಕ್ಕಾ, ಅಂದೆ. ಯುಗಾದಿ ಹೊತ್ತಿಗೆ ಬೇವು ಹೂವಾಡುತ್ತದೆ. ಉರಿಬಿಸಿಲಿನಲ್ಲಿ ಹೊಂಗೆ ಹೊಸ ಎಲೆ ಬಿಡುತ್ತದೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಎಲುಬು ಅಲ್ಲಿಂದ ಬಂತು. ಹುಲ್ಲು ಒಂದು ಚಾಪೆಯಷ್ಟು ಉಳಿಯಿತು, ಅವರ ಮನಸ್ಸಿಗೆ.

ಇನ್ನು ನನ್ನ ಎಡವಟ್ಟು.

ಆ ವಾಡೆಯ ದಕ್ಷಿಣಕ್ಕೆ ಕಣಗಿಲೆ ಬೇಲಿ ಹಾಕಿಸಿದ್ದೆ. ಆಡು ಮುಟ್ಟದ ಗಿಡ, ನೀರೂ ಕಡಿಮೆ. ಬೇಲಿಯ ನಡುವೆ ಒಂದು ಕಡೆ ಎಂಟು ಅಡಿ ಖಾಲಿ ಬಿಟ್ಟಿದ್ದೆವು. ಅಕ್ಕಾರ ಅಜ್ಜಿ ಸಂಜೆ ಕಟ್ಟೆಯ ಮೇಲೆ ಕೂತು ಅಲ್ಲಿಂದ ಕಪ್ಪತಗುಡ್ಡ ನೋಡುತ್ತಿದ್ದರಂತೆ. ಗುಡ್ಡದ ಮೇಲೆ ಮೋಡ ಇಳಿದರೆ, "ಒಣ ಹಾಕಿದ್ದು ಒಳಗ ತಗೀರಿ" ಅಂತ ಕೂಗುತ್ತಿದ್ದರಂತೆ. ಈ ಕಥೆಯನ್ನು ಅಕ್ಕಾರು ನನಗೆ ವಾಟ್ಸಾಪಿನಲ್ಲಿ ನಾಲ್ಕು ನಿಮಿಷದ ಧ್ವನಿ ಸಂದೇಶದಲ್ಲಿ ಹೇಳಿದ್ದರು. ನಾನು ಕೇಳಿ ಹೆಬ್ಬೆಟ್ಟು ಒತ್ತಿದ್ದೆ. ನಕ್ಷೆಯಲ್ಲಿ 'ಖಾಲಿ' ಅಂತ ಬರೆದೆ, ಯಾಕೆ ಖಾಲಿ ಅಂತ ಬರೆಯಲಿಲ್ಲ.

ಒಂದು ದಿನ ಅದೇ ವಾಡೆಯ ಬಾವಿಯೊಳಗೆ ಬಗ್ಗಿ ನೋಡುವಾಗ ನನ್ನ ಫೋನ್ ಜಾರಿತು. ಹಳೇ ಮಾತೆಲ್ಲ ನೀರಿನ ಪಾಲು. ಆ ಕಡೆ ಅಕ್ಕಾರು, ಫೋನ್ ತುಂಬಿತು ಅಂತ ಧ್ವನಿ ಸಂದೇಶಗಳನ್ನು ಯಾವಾಗಲೋ ಅಳಿಸಿದ್ದರು. ಎರಡು ವರ್ಷ ಕಳೆದು ಹೊಸ ಮೇಲ್ವಿಚಾರಕ ಬಂದ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಬೇಲಿಯ ನಡುವೆ ಗಿಡ ಸತ್ತು ಜಾಗ ಖಾಲಿಯಾಗಿದೆ ಅಂದುಕೊಂಡು ಐದು ಉದ್ದ ಅಶೋಕ ತಂದು ಹಚ್ಚಿದ. ಚೆನ್ನಾಗಿ ನೀರು ಹಾಕಿದ. ಚೆನ್ನಾಗಿ ಬೆಳೆದವು. ಗುಡ್ಡ ಹೋಯಿತು. ಆ ಹುಡುಗನದು ಏನು ತಪ್ಪು ಹೇಳಿ?

ಆಗಲೇ ನನಗೆ ಡಂಬಾರ್ಟನ್ ಓಕ್ಸ್ ಕಾಗದಗಳು ಬೇರೆ ರೀತಿ ಕಾಣಿಸಿದ್ದು. 1940ರಲ್ಲಿ ಬ್ಲಿಸ್ ದಂಪತಿ ಮನೆಯನ್ನೂ ಸುತ್ತಲಿನ 16 ಎಕರೆ ತೋಟವನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ಹಳ್ಳದ ಕಡೆಯ 27 ಎಕರೆ ಸಾರ್ವಜನಿಕ ಪಾರ್ಕಾಯಿತು. ವಿಶ್ವಸಂಸ್ಥೆಯ ಕರಡು ತಯಾರಾದ 1944ರ ಮಾತುಕತೆ ನಡೆದದ್ದೂ ಅದೇ ಮನೆಯಲ್ಲಿ. ಅದು ಬೇರೆ ಕಥೆ. ನನಗೆ ಮುಖ್ಯವಾದದ್ದು, ಇನ್ನು ಮುಂದೆ ತೋಟವನ್ನು ನೋಡಿಕೊಳ್ಳುವವರು ಅದನ್ನು ಮಾಡಿಸಿದವರಲ್ಲ ಅನ್ನೋದು. ಫ್ಯಾರಂಡ್ ಆಗ ಕೂತು ತೋಟಕ್ಕೊಂದು ಪುಸ್ತಕ ಬರೆದರು. ಕಟ್ಟೆ ಕಟ್ಟೆಯಾಗಿ, ಮೂಲೆ ಮೂಲೆಯಾಗಿ. ಇಲ್ಲಿ ಈ ಗಿಡ ಯಾಕಿದೆ, ಮಿತಿಮೀರಿ ಬೆಳೆದರೆ ಏನು ಮಾಡಬೇಕು, ಸತ್ತರೆ ಅದರ ಜಾಗಕ್ಕೆ ಏನು ತರಬಹುದು, ಯಾವುದನ್ನು ತಂದರೆ ಕೆಡುತ್ತದೆ. ಅದು ಅಚ್ಚಾದದ್ದು 1980ರಲ್ಲಿ, ಅವರು ತೀರಿಕೊಂಡು 21 ವರ್ಷದ ಮೇಲೆ. ಗಿಡ ಸಾಯುತ್ತದೆ ಅನ್ನೋದನ್ನು ಮೊದಲೇ ಒಪ್ಪಿಕೊಂಡು ಬರೆದ ಪುಸ್ತಕ ಅದು.

ಅವರ ಸ್ವಂತ ತೋಟದ ಕಥೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೇಯ್ನ್ ರಾಜ್ಯದ ಸಮುದ್ರದಂಡೆಯಲ್ಲಿ, ಬಾರ್ ಹಾರ್ಬರ್ ಅನ್ನೋ ಊರಲ್ಲಿ, ಅವರಿಗೆ ರೀಫ್ ಪಾಯಿಂಟ್ ಅಂತ ಮನೆ ತೋಟ ಇತ್ತು. ಅದನ್ನು ಕಲಿಯುವವರಿಗೆ ಶಾಲೆ ಮಾಡಬೇಕು ಅಂತ ವರ್ಷಾನುಗಟ್ಟಲೆ ದುಡಿದರು. ತೆರಿಗೆ ವಿನಾಯಿತಿ ಸಿಗಲಿಲ್ಲ. ತಮ್ಮ ನಂತರ ಇದನ್ನು ಯಾರೂ ಸರಿಯಾಗಿ ನೋಡಿಕೊಳ್ಳೋದಿಲ್ಲ ಅಂತ ಅವರಿಗೆ ಅನ್ನಿಸಿತು. 1955ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ತಾವೇ ನಿಂತು ಅದನ್ನು ಬಿಚ್ಚಿಸಲು ತೀರ್ಮಾನ ಮಾಡಿದರು. ಹಾಳು ಬೀಳಲು ಬಿಡಲಿಲ್ಲ, ಬಿಚ್ಚಿಸಿದರು. ಅಲ್ಲಿಯ ಎಷ್ಟೋ ಗಿಡಗಳು ಹತ್ತಿರದ ಊರಿನ ಅಸ್ಟಿಕೂ ಅಜೇಲಿಯಾ ತೋಟಕ್ಕೆ ಹೋದವು, ಈಗಲೂ ಅಲ್ಲಿ ಹೂ ಬಿಡುತ್ತವೆ. ಕಾಗದಪತ್ರ, ನಕ್ಷೆ, ಪುಸ್ತಕಗಳು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದವು. ಅದೇ ಪೆಟ್ಟಿಗೆಗಳಲ್ಲಿ ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ ಅವರು ಮಾಡಿದ ತೋಟಗಳ ನಕ್ಷೆಗಳೂ ಇದ್ದವು. ಫ್ಯಾರಂಡ್ ಅವನ್ನು ಕೊಂಡು ಇಟ್ಟುಕೊಂಡಿದ್ದರು. ಇಲ್ಲದಿದ್ದರೆ ಇಂಗ್ಲೆಂಡಿನಲ್ಲಿ ಜೀಕಿಲ್ ತೋಟಗಳನ್ನು ಮತ್ತೆ ಎಬ್ಬಿಸುವವರ ಕೈಗೆ ಬಹಳ ಸಿಗುತ್ತಿರಲಿಲ್ಲ. ನಾನಾಗಿದ್ದರೆ ಸ್ವಂತ ತೋಟ ಬಿಚ್ಚಿಸುವ ಗಟ್ಟಿತನ ನನಗಿರುತ್ತಿರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇರುತ್ತಿತ್ತಾ?

ವಾಡೆಗೆ ವಾಪಸ್ ಬರೋಣ. ಹೋದ ವರ್ಷ ಅಂಗಡಿಯಿಂದ ಒಂದು ಕೆಂಪು ಬಟ್ಟೆಯ ಖಾತೆಪುಸ್ತಕ ತಂದೆ. ಅಕ್ಕಾರು ವಾರಕ್ಕೊಮ್ಮೆ ಫೋನ್ ಮಾಡಿ ನೆನಪಾದದ್ದು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಯಾವ ಬೇವು ಯಾರು ಹಚ್ಚಿದ್ದು, ಯಾವ ಮೆಟ್ಟಿಲಿಗೆ ಮಳೆಗಾಲದಲ್ಲಿ ಪಾಚಿ. ಸಿಟ್ಟಾದದ್ದೂ ಇದೆ. ಹುಲ್ಲುಹಾಸಿನ ಜಗಳ ಎರಡು ಪುಟ. ಆಮೇಲೆ ಅಲ್ಲಿಯ ಮಾಲಿ ಕಾಕಾ, ನಾಲ್ಕನೇ ಇಯತ್ತೆ ಓದಿದವರು, "ನಾನೂ ಒಂದೆರಡು ಬರೀಲೇನವಾ?" ಅಂದರು. ಐದು ಅಶೋಕದಲ್ಲಿ ಎರಡನ್ನು ತೆಗೆದು ಊರ ಶಾಲೆಗೆ ಸಾಗಿಸಿದ್ದೇವೆ. ಗುಡ್ಡ ಅರ್ಧ ಕಾಣುತ್ತದೆ. ಉಳಿದ ಮೂರು ಮುಂದಿನ ಮಳೆಗೆ. ಆ ಪುಟದಲ್ಲಿ ಕಾಕಾ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ: "ಇಲ್ಲಿ ಗಿಡ ಹಚ್ಚಬ್ಯಾಡ್ರಿ. ಆಯಿ ಗುಡ್ಡ ನೋಡ್ತಿದ್ದರು."

ಪುಸ್ತಕ ತಂದಿದ್ದೇನೆ. ಈ ಕಡೆಯ ಸಾಲಿನಿಂದ ಕೈಗೆ ಕೈ ದಾಟಿಸಿ. ಹಾಳೆ ತಿರುವುವಾಗ ನಿಮ್ಮ ಬಟ್ಟೆಯ ಮೇಲೆ ಎರಿ ಮಣ್ಣು ಉದುರಿದರೆ ಕ್ಷಮಿಸಿ. ಪ್ರಶ್ನೆ ಇದ್ದರೆ ಕೇಳಿ. ಮಲ್ಲಿಗೆ ಯಾಕೆ ಸೊರಗಿದೆ ಅಂತ ಮಾತ್ರ ಪಕ್ಕದ ಮನೆಯವರನ್ನೇ ಕೇಳಿ.