ಪದಕ ಪಟ್ಟಿಯ ಖಾಲಿ ಸಾಲುಗಳು

ಕೇಳುಗರಿಗೆ ನಮಸ್ಕಾರ.

ಒಂದು ಮೀಟರ್ 74 ಸೆಂಟಿಮೀಟರ್. ಅಂದರೆ ಸುಮಾರು ಐದು ಅಡಿ ಎಂಟೂವರೆ ಇಂಚು. ನೀವು ಕೂತಿರುವ ಕೋಣೆಯ ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಒಂದು ಗೆರೆ ಇದೆ ಅಂದುಕೊಳ್ಳಿ. ಓಡಿ ಬಂದು ಅದರ ಮೇಲಿಂದ ಹಾರಬೇಕು.

2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲ ಕ್ರೀಡಾಪಟುಗಳ ಒಲಿಂಪಿಕ್ಸ್‌ನಲ್ಲಿ, ನಮ್ಮ ಹಾಸನ ಜಿಲ್ಲೆಯ ಗಿರೀಶ ಅದನ್ನು ಹಾರಿದರು. ಹುಟ್ಟಿನಿಂದಲೇ ಅವರ ಎಡಗಾಲಿನಲ್ಲಿ ಊನ. ಫಿಜಿ ದೇಶದ ಇಲಿಯೆಸಾ ದೆಲಾನಾ ಕೂಡ ಅಷ್ಟೇ ಎತ್ತರ ಹಾರಿದ್ದರು. ಎತ್ತರ ಸಮ ಆದಾಗ, ಯಾರು ಕಡಿಮೆ ಸಲ ಅಡ್ಡಪಟ್ಟಿ ಬೀಳಿಸಿದ್ದಾರೆ ಅಂತ ನೋಡುತ್ತಾರೆ. ಆ ಲೆಕ್ಕದಲ್ಲಿ ದೆಲಾನಾಗೆ ಚಿನ್ನ, ಗಿರೀಶರಿಗೆ ಬೆಳ್ಳಿ. ಆ ಪ್ಯಾರಾಲಿಂಪಿಕ್ಸ್‌ಗೆ ಭಾರತದಿಂದ ಹೋದವರು 10 ಜನ. ಬಂದ ಪದಕ ಅದೊಂದೇ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ ನಡೆದು ಬಂದ ದಾರಿಯ ಬಗ್ಗೆ. ಈಗ ಪದಕಗಳು ಬರುತ್ತಿವೆ, ಪ್ರಧಾನಿ ಫೋನ್ ಮಾಡುತ್ತಾರೆ, ಊರಿನಲ್ಲಿ ಮೆರವಣಿಗೆ ಆಗುತ್ತದೆ. ಬಹಳ ಸಂತೋಷ. ಆದರೆ ಪದಕ ಪಟ್ಟಿಯಲ್ಲಿ ಸೊನ್ನೆ ಇರುವ ವರ್ಷಗಳು ನನ್ನನ್ನು ಜಾಸ್ತಿ ಕಾಡುತ್ತವೆ. ಆಗಲೂ ಇಲ್ಲಿಂದ ಜನ ಹೋಗಿದ್ದರು.

ಈ ಕೂಟದ ಬೇರು ಇರುವುದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಿಗೆ ಅಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಚಿಕಿತ್ಸೆ ಕೊಡುತ್ತಿದ್ದರು. ಆಟವೂ ಚಿಕಿತ್ಸೆಯೇ ಅಂತ ಅವರು ನಂಬಿದ್ದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ವೀಲ್‌ಚೇರ್‌ನಲ್ಲಿ ಕೂತ 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಅದು ಬೆಳೆದು 1960ರಲ್ಲಿ ರೋಮ್‌ನ ಪ್ಯಾರಾಲಿಂಪಿಕ್ಸ್ ಆಯಿತು. ಭಾರತ ಮೊದಲ ಸಲ ಹೋಗಿದ್ದು 1968ರಲ್ಲಿ, ಇಸ್ರೇಲಿನ ಟೆಲ್ ಅವೀವ್‌ಗೆ.

ಆ ತಂಡದಲ್ಲಿ ಮುರಳಿಕಾಂತ್ ಪೇಟ್ಕರ್ ಇದ್ದರು. ಮಹಾರಾಷ್ಟ್ರದ ಸಾಂಗ್ಲಿ ಕಡೆಯವರು. ಸೈನ್ಯದಲ್ಲಿ ಒಳ್ಳೆಯ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬಾಕ್ಸಿಂಗ್ ಅಲ್ಲಿಗೆ ಮುಗಿಯಿತು. ಪೇಟ್ಕರ್ ನೀರಿಗೆ ಇಳಿದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದರು. 37.33 ಸೆಕೆಂಡ್, ಅದೂ ವಿಶ್ವದಾಖಲೆ. ಅಭಿನವ್ ಬಿಂದ್ರಾ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆಲ್ಲುವುದಕ್ಕೆ ಇನ್ನೂ 36 ವರ್ಷ ಇತ್ತು. ಬಿಂದ್ರಾ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಪೇಟ್ಕರ್ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು? ಅವರಿಗೆ ಪದ್ಮಶ್ರೀ ಬಂದಿದ್ದು 2018ರಲ್ಲಿ. ಚಿನ್ನ ಗೆದ್ದು 46 ವರ್ಷ ಆಗಿತ್ತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1976, 1980ರಲ್ಲಿ ಭಾರತ ಹೋಗಲೇ ಇಲ್ಲ. 1984ರಲ್ಲಿ ನಾಲ್ಕು ಪದಕ. ಅದರಲ್ಲಿ ಮೂರು ಜೋಗಿಂದರ್ ಸಿಂಗ್ ಬೇಡಿ ಒಬ್ಬರದೇ. ಗುಂಡು, ಚಕ್ರ, ಜಾವೆಲಿನ್, ಮೂರರಲ್ಲೂ ಎಸೆದು ಗೆದ್ದರು. ಆಮೇಲೆ 1988, 1992, 1996, 2000. ನಾಲ್ಕೂ ಸಲ ಸೊನ್ನೆ.

ಆ ಸೊನ್ನೆಯ ವರ್ಷಗಳಲ್ಲೇ ಬೆಂಗಳೂರಿನ ಮಾಲತಿ ಹೊಳ್ಳ ದಕ್ಷಿಣ ಕೊರಿಯಾದ ಸೋಲ್‌ಗೆ ಹೋದರು, ಬಾರ್ಸಿಲೋನಾಗೂ ಹೋದರು. ಒಂದು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಪೋಲಿಯೊದಿಂದ ದೇಹ ಸೋತಿತ್ತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆಗಿದೆ ಅವರಿಗೆ. ವೀಲ್‌ಚೇರ್‌ನಲ್ಲಿ ಕೂತು ಗುಂಡು, ಚಕ್ರ, ಜಾವೆಲಿನ್ ಎಸೆದರು, ವೀಲ್‌ಚೇರ್ ಓಟದಲ್ಲೂ ಸ್ಪರ್ಧಿಸಿದರು. ಮುಂದೆ ಅಥೆನ್ಸ್, ಬೀಜಿಂಗ್‌ಗೂ ಹೋದರು. ಪ್ಯಾರಾಲಿಂಪಿಕ್ಸ್ ಪದಕ ಸಿಗಲಿಲ್ಲ. ಆದರೆ ಅಂಗವಿಕಲ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಕಟ್ಟಿದರು. ಆಗ ನಮ್ಮ ಊರುಗಳಲ್ಲಿ ಕಾಲಿಲ್ಲದ ಹುಡುಗಿಯನ್ನು ಮನೆಯಿಂದ ಆಚೆ ಕಳಿಸುವುದೇ ಕಷ್ಟ ಇತ್ತು, ಅಲ್ವಾ? ಅಂಥ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಭಾರತದ ಸಮವಸ್ತ್ರ ಹಾಕಿಕೊಂಡು ವಿದೇಶಕ್ಕೆ ಹೋಗಿದ್ದು ಸಣ್ಣ ಸಂಗತಿಯಲ್ಲ.

2004ರಲ್ಲಿ ಆ ಸೊನ್ನೆ ಮುರಿದವರಲ್ಲಿ ರಾಜಸ್ಥಾನದ ಚೂರು ಜಿಲ್ಲೆಯ ದೇವೇಂದ್ರ ಝಝಾರಿಯಾ ಒಬ್ಬರು. ಎಂಟನೇ ವಯಸ್ಸಿನಲ್ಲಿ ಮರ ಹತ್ತಿದಾಗ ಕರೆಂಟ್ ತಂತಿ ತಗುಲಿ ಎಡಗೈ ಹೋಗಿತ್ತು. ಬಲಗೈಯಲ್ಲಿ ಜಾವೆಲಿನ್ ಹಿಡಿದರು. ಅಥೆನ್ಸ್‌ನಲ್ಲಿ 62.15 ಮೀಟರ್ ಎಸೆದು ವಿಶ್ವದಾಖಲೆಯ ಜೊತೆ ಚಿನ್ನ ತಂದರು. ಮುಂದೇನಾಯಿತು ಕೇಳಿ. 2008ರಲ್ಲಿ ಅವರ ಅಂಗವೈಕಲ್ಯದ ವಿಭಾಗಕ್ಕೆ ಜಾವೆಲಿನ್ ಸ್ಪರ್ಧೆಯೇ ಇರಲಿಲ್ಲ. 2012ರಲ್ಲೂ ಇರಲಿಲ್ಲ. ಒಬ್ಬ ಎಸೆತಗಾರನ ಒಳ್ಳೆಯ ವಯಸ್ಸು ಹಾಗೇ ಕಳೆದುಹೋಯಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಇವರು 2016ರಲ್ಲಿ ರಿಯೊಗೆ ಹೋಗಿ 63.97 ಮೀಟರ್ ಎಸೆದರು. ತಮ್ಮ ದಾಖಲೆಯನ್ನು ತಾವೇ ಮುರಿದು ಎರಡನೇ ಚಿನ್ನ ಗೆದ್ದರು. ನಡುವೆ 12 ವರ್ಷ.

ರಿಯೊದಲ್ಲೇ ಸೇಲಂ ಹತ್ತಿರದ ಹಳ್ಳಿಯ ಮಾರಿಯಪ್ಪನ್ ತಂಗವೇಲು ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದರು. ಅವರ ತಾಯಿ ತರಕಾರಿ ಮಾರಿ ಮನೆ ನಡೆಸಿದವರು. ಮಾರಿಯಪ್ಪನ್ ತರಬೇತಿ ಪಡೆದಿದ್ದು ನಮ್ಮ ಬೆಂಗಳೂರಿನಲ್ಲಿ, ಸತ್ಯನಾರಾಯಣ ಅವರ ಹತ್ತಿರ. ಗಿರೀಶರಿಗೂ ಅವರೇ ಗುರು. ಗಿರೀಶರ ಬೆಳ್ಳಿಗೂ ಮಾರಿಯಪ್ಪನ್ ಅವರ ಚಿನ್ನಕ್ಕೂ ನಡುವೆ ಹೀಗೊಂದು ನಂಟಿದೆ.

1968ರಿಂದ ರಿಯೊವರೆಗೆ ಎಲ್ಲ ಕೂಡಿಸಿದರೂ ಭಾರತದ ಪದಕಗಳು 12. ಟೋಕಿಯೊ ಒಂದರಲ್ಲೇ 19 ಬಂತು. 2024ರ ಪ್ಯಾರಿಸ್‌ನಲ್ಲಿ 29, ಅದರಲ್ಲಿ ಏಳು ಚಿನ್ನ. ಏನು ಬದಲಾಯಿತು? ರಿಯೊಗೆ ಹೋದವರು 19 ಜನ, ಟೋಕಿಯೊಗೆ 54, ಪ್ಯಾರಿಸ್‌ಗೆ 84. ಕೇಂದ್ರ ಸರ್ಕಾರದ ಟಾಪ್ಸ್, ಅಂದರೆ ಟಾರ್ಗೆಟ್ ಒಲಿಂಪಿಕ್ ಪೋಡಿಯಂ ಯೋಜನೆಯಿಂದ ತರಬೇತಿಗೆ, ಸಲಕರಣೆಗೆ, ವಿದೇಶದ ಸ್ಪರ್ಧೆಗಳಿಗೆ ಹಣ ಸಿಕ್ಕಿತು. ಪ್ರತಿಭೆ ಮೊದಲೂ ಇತ್ತು. ಟಿಕೆಟ್ ಇರಲಿಲ್ಲ, ಅಷ್ಟೇ.

ಅಲ್ಲಿ ಪೈಪೋಟಿ ಕಡಿಮೆ, ಅದಕ್ಕೇ ಸುಲಭವಾಗಿ ಪದಕ ಬರುತ್ತದೆ ಅನ್ನುವ ಮಾತು ಕೇಳಿದ್ದೇನೆ. ಈ ಮಾತು ತಪ್ಪು. ಪ್ಯಾರಿಸ್‌ನಲ್ಲಿ ಸುಮಿತ್ ಅಂತಿಲ್ ಕೃತಕ ಕಾಲು ಕಟ್ಟಿಕೊಂಡು 70.59 ಮೀಟರ್ ದೂರ ಜಾವೆಲಿನ್ ಎಸೆದರು. ಪ್ರವೀಣ್ ಕುಮಾರ್ 2.08 ಮೀಟರ್ ಎತ್ತರ ಹಾರಿದರು. ಎರಡು ಕಾಲೂ ಗಟ್ಟಿಯಿರುವ ನಮ್ಮ ಕಾಲೇಜು ಹುಡುಗರಲ್ಲಿ ಎಷ್ಟು ಜನ ಅದನ್ನು ದಾಟಿಯಾರು? ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಅವರನ್ನೇ ನೋಡಿ. ಟೋಕಿಯೊದ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಫ್ರಾನ್ಸಿನ ಲುಕಾ ಮಜೂರ್ ಎದುರು ಸೋತರು. ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಮಜೂರ್, ಮತ್ತೆ ಬೆಳ್ಳಿ. ಪೈಪೋಟಿ ಇಲ್ಲದ ಕಡೆ ಹೀಗಾಗುತ್ತದೆಯೇ?

ಪ್ಯಾರಿಸ್‌ನ ಆ 29 ಪದಕಗಳಲ್ಲಿ ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರದು ಇಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಿಂದ ಸಾಕಿದ್ದು ಅಜ್ಜಿ. ಪ್ಯಾರಿಸ್‌ನಲ್ಲಿ 1500 ಮೀಟರ್ ಓಡಿದರು. ಈ ಓಟದಲ್ಲಿ ಪಕ್ಕದಲ್ಲಿ ಒಬ್ಬ ಗೈಡ್ ಓಡುತ್ತಾರೆ. ಇಬ್ಬರ ಕೈ ನಡುವೆ ಒಂದು ಗೇಣಿನಷ್ಟು ದಾರ. ಟ್ರ್ಯಾಕ್ ಎಲ್ಲಿ ತಿರುಗುತ್ತದೆ, ಮುಂದೆ ಯಾರಿದ್ದಾರೆ, ಎಲ್ಲ ತಿಳಿಯುವುದು ಆ ದಾರದಿಂದ, ಗೈಡ್ ಹೇಳುವ ಮಾತಿನಿಂದ. ಕೊನೆಯ ಗೆರೆಯನ್ನು ಮಾತ್ರ ಗೈಡ್ ಮೊದಲು ದಾಟುವ ಹಾಗಿಲ್ಲ. ಹುಡುಗಿ ದಾಟಿದ ಮೇಲೆಯೇ ಅವರು ದಾಟಬೇಕು. ಮುಂದಿನ ಸಲ ಟಿವಿಯಲ್ಲಿ ಈ ಓಟ ಬಂದರೆ ಆ ದಾರವನ್ನು ಗಮನಿಸಿ.

ನಮಸ್ಕಾರ.