ಹಳೆಯ ಗಾಜಿನ ಗೋಲಿ: ಬಣ್ಣ ಆಮೇಲೆ, ತುದಿ ಮೊದಲು

ಎಲ್ಲರಿಗೂ ನಮಸ್ಕಾರ.

ಹಳೆಯ ಗೋಲಿ ಕೈಗೆ ಸಿಕ್ಕ ಕೂಡಲೇ ಕಣ್ಣು ಬಣ್ಣದ ಮೇಲೆ ಹೋಗುತ್ತದೆ. ಗುರುತು ಹಿಡಿಯುವ ಕೆಲಸದಲ್ಲಿ ಬಣ್ಣದ ಸರದಿ ಕೊನೆಗೆ. ಮೊದಲು ನೋಡಬೇಕಾದ್ದು ಗೋಲಿ ಕರಗಿದ ಗಾಜಿನಿಂದ ಬೇರೆಯಾದ ಜಾಗವನ್ನು, ಅಂದರೆ ಅದರ ತುದಿಗಳನ್ನು. 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್, ಒಂದು ಟಾರ್ಚ್, ಅಳತೆಗೆ ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು.

ಜರ್ಮನಿಯ ಲೌಷಾ ಊರಿನಲ್ಲಿ 19ನೇ ಶತಮಾನದ ನಡುಭಾಗದಲ್ಲಿ ಗೋಲಿ ಕತ್ತರಿ ಬಳಕೆಗೆ ಬಂತು. ಬಣ್ಣದ ಎಳೆಗಳಿದ್ದ ಗಾಜಿನ ಸರಳನ್ನು ಕಾಯಿಸಿ, ತುದಿಯನ್ನು ಕತ್ತರಿಯ ಬಟ್ಟಲಲ್ಲಿ ತಿರುಗಿಸಿ ದುಂಡಗೆ ಮಾಡಿ ಕತ್ತರಿಸುತ್ತಿದ್ದರು. ಕತ್ತರಿಸಿದಲ್ಲಿ ಒರಟು ಮಚ್ಚೆ ಉಳಿಯಿತು, ಅದೇ ಪಾಂಟಿಲ್. ಸಾಮಾನ್ಯವಾಗಿ ಎರಡು ಇರುತ್ತವೆ, ಸರಳಿನ ಕೊನೆಯ ತುಂಡಾದರೆ ಒಂದೇ. ಕೆಲವದರಲ್ಲಿ ತಯಾರಿಸುವಾಗಲೇ ಅದನ್ನು ಉಜ್ಜಿ ಅಥವಾ ಮತ್ತೆ ಕಾಯಿಸಿ ನಯ ಮಾಡಿದ್ದೂ ಉಂಟು. ಟಾರ್ಚ್ ಹಿಡಿದು ಒಳಗಿನ ಸುರುಳಿಯನ್ನು ಹಿಂಬಾಲಿಸಿ: ಎಳೆಗಳು ಮಚ್ಚೆಯತ್ತಲೇ ಕೂಡಿಕೊಳ್ಳಬೇಕು. ಮಚ್ಚೆ ಒಂದು ಕಡೆ, ಎಳೆ ಕೂಡುವುದು ಇನ್ನೊಂದು ಕಡೆ ಎಂದಾದರೆ ಅನುಮಾನಪಡಿ. ಲಟ್ಜ್ ಎಂದು ಕರೆಯುವ ಕೈಗೋಲಿಯಲ್ಲಿ ಮಿನುಗುವ ಹೊಂಬಣ್ಣದ ಪುಡಿ ಚಿನ್ನವಲ್ಲ, ತಾಮ್ರದ ಹರಳು.

ಯಂತ್ರದ ಗೋಲಿಗೆ ಪಾಂಟಿಲ್ ಇಲ್ಲ. ಅಮೆರಿಕದ ಓಹಾಯೋದ ಆಕ್ರನ್ ನಗರದಲ್ಲಿ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಯಂತ್ರಕ್ಕೆ ಪೇಟೆಂಟ್ ಪಡೆದರು. ದುಂಡಾಗಿಸಿದ್ದು ಯಂತ್ರ, ಆದರೆ ಗಾಜನ್ನು ಸಲಾಕೆಯಲ್ಲಿ ತೆಗೆದು ಇಳಿಬಿಟ್ಟದ್ದು ಕೈ. ಸಲಾಕೆ ತಿರುಗಿಸುವಾಗ ಬಿಳಿ ಎಳೆ ಸುತ್ತಿಕೊಂಡು ಒಂದು ತುದಿಯಲ್ಲಿ ಇಂಗ್ಲಿಷಿನ 9 ಅಂಕಿಯಂತೆ ಕಾಣುತ್ತದೆ, ಎದುರು ತುದಿಯಲ್ಲಿ ಕತ್ತರಿಸಿದ ಗೀರು. ಇವೆರಡೂ ಇರುವ ಸ್ಲ್ಯಾಗ್ (ಬಣ್ಣದ ಗಾಜಿಗೆ ಬಿಳಿ ಎಳೆ ಬೆರೆತ) ಗೋಲಿ ಇವರ ಕಂಪನಿಯದಿರುವ ಸಾಧ್ಯತೆ ಹೆಚ್ಚು. ಕ್ರಿಸ್ಟೆನ್ಸನ್ ಅಗೇಟ್ ಎಂಬುದು ಬೇರೆಯೇ ಕಂಪನಿ. ಹೆಸರು ನೋಡಿ ಎಡವುವವರು ಬಹಳ. ಒಂದು ಪಟ್ಟೆ ಈ ತುದಿಯಲ್ಲಿ ಶುರುವಾಗಿ, ಎಲ್ಲೂ ತನ್ನನ್ನು ತಾನು ಕೂಡದೆ, ಸ್ಕ್ರೂವಿನಂತೆ ಸುತ್ತಿ ಆ ತುದಿಯಲ್ಲಿ ಮುಗಿದರೆ ಅದು ಆಕ್ರೋ ಅಗೇಟ್ ಎಂಬ ಇನ್ನೊಂದು ಕಂಪನಿಯ ಕಾರ್ಕ್‌ಸ್ಕ್ರೂ ಗೋಲಿ. ಬೆಕ್ಕಿನಕಣ್ಣು ಗೋಲಿಗೆ ತಲೆಕೆಡಿಸಿಕೊಳ್ಳಬೇಡಿ: ಅದು ಎರಡನೇ ಮಹಾಯುದ್ಧದ ನಂತರದ್ದು, ಮೊದಲು ಜಪಾನಿನಿಂದ ಬಂದದ್ದು.

ಯುವಿ (ನೇರಳಾತೀತ ಬೆಳಕಿನ) ಟಾರ್ಚಿಗೆ ಹಸಿರಾಗಿ ಹೊಳೆದರೆ ಯುರೇನಿಯಂ ಇರಬಹುದು. ಮ್ಯಾಂಗನೀಸ್ ಕೂಡ ಮಂಕಾಗಿ ಹೊಳೆಯುತ್ತದೆ. ಗಾಜಿನಲ್ಲಿ ಏನಿದೆ ಎಂಬುದಕ್ಕೆ ಇದು ಸುಳಿವು, ವಯಸ್ಸಿಗಲ್ಲ.

ಇನ್ನು ಏಟು. ಮೇಲ್ಮೈಯ ಕೆಳಗೆ ಅರ್ಧಚಂದ್ರದಂಥ ಬಿರುಕು ಬಡಿತದಿಂದ ಆದದ್ದು, ಬೆಲೆ ಇಳಿಸುತ್ತದೆ. ಗಾಜು ಮಡಚಿಕೊಂಡ ಗೆರೆ, ತಣಿಯುವಾಗ ಬಿದ್ದ ಸುಕ್ಕು ಹುಟ್ಟಿನ ಗುರುತು. ಅದನ್ನು ಏಟೆಂದು ಎಣಿಸಬಾರದು. ಉಗುರಿನಿಂದ ಸವರಿ ನೋಡಿ: ಮಡಿಕೆಯ ಅಂಚು ಕರಗಿ ನುಣುಪಾಗಿರುತ್ತದೆ, ಚೆಕ್ಕೆ ಎದ್ದಲ್ಲಿ ಚೂಪಾಗಿರುತ್ತದೆ. ಹಳೆಯದೆಂದು ಹೇಳುವ ಕೈಗೋಲಿ ಒಂದೂ ಗೀರಿಲ್ಲದೆ ಥಳಥಳಿಸುತ್ತ, ಪಾಂಟಿಲ್ಲೂ ಮಾಯವಾಗಿದ್ದರೆ ಯಾರೋ ಪಾಲಿಶ್ ಮಾಡಿದ್ದಾರೆ ಎಂದುಕೊಳ್ಳಿ. ಸಂಗ್ರಹಕಾರರು ಅದಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ಒದ್ದೆ ಗೋಲಿಯನ್ನು ನೋಡಿ ಕೊಳ್ಳಬೇಡಿ, ನೀರು ಸಣ್ಣ ಗೀರುಗಳನ್ನು ಮುಚ್ಚಿಬಿಡುತ್ತದೆ. ತೊಳೆಯಲು ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆ ಬಟ್ಟೆ ಸಾಕು. ಕುದಿನೀರಿಗೆ ಹಾಕಿದರೆ ಹೊರಪದರ ಬೇಗ ಹಿಗ್ಗಿ ಒಳಭಾಗ ಹಾಗೇ ಉಳಿದು, ಕಾಣದೆ ಇದ್ದ ಬಿರುಕು ಪೂರ್ತಿ ಬಿಟ್ಟುಕೊಳ್ಳಬಹುದು.